ಗಣರಾಜ್ಯದ ಬಾವುಟದಲ್ಲೊಂದು ಕಿರೀಟ

ಬೆಲ್‌ಗ್ರೇಡಿಗೆ ಬಂದ ಹೊಸದರಲ್ಲಿ ಆಫೀಸಿನ ಗೆಳತಿಯೊಬ್ಬಳು ಸಂಜೆ ಕಾಫಿಗೆ ಕರೆದಳು. ಎಲ್ಲಿ ಸಿಗೋಣ ಅಂದೆ. "ಕೋದ್ ಕೊನ್ಯಾ" ಅಂದಳು. ಕುದುರೆ ಹತ್ತಿರ ಅಂತ ಅರ್ಥ. ಊರಿನ ನಡುಮಧ್ಯದ ಚೌಕಕ್ಕೆ ಹೋದರೆ ಯಾವ ಕುದುರೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಎತ್ತರದ ಕಟ್ಟೆಯ ಮೇಲೆ ಕಂಚಿನ ಕುದುರೆ, ಅದರ ಮೇಲೆ ಕೈ ಚಾಚಿ ಕೂತ ಮಿಹಾಯ್ಲೊ ಒಬ್ರೆನೊವಿಚ್. ಸರ್ಬಿಯಾವನ್ನು ಆಳಿದವನು, 1868ರಲ್ಲಿ ಕೊಲೆಯಾದವನು. 1882ರಿಂದ ಅಲ್ಲೇ ಕೂತಿದ್ದಾನೆ. ಕಾಲೇಜು ಹುಡುಗರು, ಪ್ರೇಮಿಗಳು, ಮೊಮ್ಮಕ್ಕಳಿಗೆ ಕಾಯುವ ಅಜ್ಜಂದಿರು, ಎಲ್ಲರೂ ಸೇರುವುದು ಅವನ ಕುದುರೆಯ ಕಾಲಡಿಯಲ್ಲೇ. ಆ ಚೌಕದ ಹೆಸರು ಮಾತ್ರ ಗಣರಾಜ್ಯ ಚೌಕ.

ಇಲ್ಲಿಗೆ ಬಂದು ಆರು ವರ್ಷವಾಯಿತು. ಈ ಊರನ್ನು ನಾನು ಅರ್ಥ ಮಾಡಿಕೊಳ್ಳಲು ಶುರು ಮಾಡಿದ್ದು ಆ ಕುದುರೆಯಿಂದ. ರಾಜ ಇಲ್ಲ, ಆದರೆ ರಾಜರ ಗುರುತು ಎಲ್ಲೆಲ್ಲೂ ಇದೆ. ಪೇಟೆಯ ದೊಡ್ಡ ಬೀದಿಗೆ ಅದೇ ಮಿಹಾಯ್ಲೊ ಹೆಸರು. ನಾನು ದಿನಾ ಹೋಗಿಬರುವ ಉದ್ದ ರಸ್ತೆ ಅಲೆಕ್ಸಾಂದರ್ ರಾಜನ ಹೆಸರಿನದು. ಹಿಂದೆ ಅದು ಕ್ರಾಂತಿ ರಸ್ತೆ ಆಗಿತ್ತು. ಹಳೇ ಅರಮನೆಯಲ್ಲಿ ಈಗ ನಗರಸಭೆ ನಡೆಯುತ್ತದೆ. ಎದುರಿನ ಹೊಸ ಅರಮನೆಯಲ್ಲಿ ದೇಶದ ಅಧ್ಯಕ್ಷರ ಕಚೇರಿ. ಹೆಸರು ಬದಲಾಗಿಲ್ಲ, ಜನ ಇವತ್ತಿಗೂ ಹಳೇ ಅರಮನೆ, ಹೊಸ ಅರಮನೆ ಅಂತಲೇ ಹೇಳುತ್ತಾರೆ.

ಒಂದು ದಿನ ಮಗಳು ಶಾಲೆಯಿಂದ ಬಂದು ಸರ್ಬಿಯಾದ ಬಾವುಟ ಬಿಡಿಸುತ್ತಾ ಕೂತಿದ್ದಳು. ಕೆಂಪು, ನೀಲಿ, ಬಿಳಿ ಪಟ್ಟಿ. ನಡುವೆ ಎರಡು ತಲೆಯ ಬಿಳಿ ಹದ್ದು. "ಅಮ್ಮಾ, ಇದು ನಮ್ಮ ಗಂಡಭೇರುಂಡ ಅಲ್ವಾ?" ಅಂದಳು. ಅಲ್ಲ ಮಗಳೇ, ಇದರ ಬೇರು ಬೈಜಾಂಟೈನ್ ಕಾಲದ್ದು, ನಮ್ಮದರ ಕಥೆ ಬೇರೆ ಅಂದೆ. ಆದರೂ ಮೈಸೂರಿನವಳಾದ ನನಗೆ ಆ ಹಕ್ಕಿ ನೋಡಿದರೆ ಎದೆಯೊಳಗೆ ಏನೋ ಆಗುತ್ತದೆ. ಹದ್ದಿನ ಮೇಲೆ ಹಳದಿ ಬಣ್ಣದಲ್ಲಿ ಕಿರೀಟ ಬಿಡಿಸುವಾಗ ಅವಳ ಎರಡನೇ ಪ್ರಶ್ನೆ ಬಂತು. "ಇಲ್ಲಿ ರಾಜ ಇಲ್ಲವಲ್ಲಾ, ಕಿರೀಟ ಯಾಕೆ?"

ಆ ಪ್ರಶ್ನೆ ಹಿಡಿದುಕೊಂಡು ನಾನು ಪಕ್ಕದ ಮನೆಯ ಅಜ್ಜಿ ಹತ್ತಿರ ಹೋದೆ. ಇಲ್ಲಿ ಅಜ್ಜಿಗೆ ಬಾಕಾ ಅನ್ನುತ್ತಾರೆ. ನಾವೂ ಅವರನ್ನು ಹಾಗೇ ಕರೆಯುತ್ತೇವೆ. ಚಿಕ್ಕವರಿದ್ದಾಗ ಕೊರಳಿಗೆ ಕೆಂಪು ಸ್ಕಾರ್ಫ್ ಕಟ್ಟಿ, ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದ ಕಮ್ಯುನಿಸ್ಟ್ ನಾಯಕ ಟಿಟೋಗೆ ಜೈಕಾರ ಹಾಕಿದವರು. 1980ರ ಮೇ ತಿಂಗಳಲ್ಲಿ ಟಿಟೋ ತೀರಿಕೊಂಡಾಗ ಬಿಕ್ಕಿ ಬಿಕ್ಕಿ ಅತ್ತವರು. ರಾಜರ ವಿಷಯ ಇವರನ್ನು ಯಾಕೆ ಕೇಳಿದೆನೋ. ಆದರೆ ಕೇಳಿದ್ದಕ್ಕೆ ಒಲೆ ಮೇಲೆ ಕಾಫಿಗಿಟ್ಟರು. ಬಾಕಾ ಕಾಫಿಗಿಟ್ಟರೆ ಕಥೆ ಉದ್ದ ಇದೆ ಅಂತ ಅರ್ಥ.

ಕಥೆ ಶುರುವಾಗುವುದು ಇಬ್ಬರು ರೈತರಿಂದ. ಯೂರೋಪಿನ ಉಳಿದ ರಾಜರ ಹಾಗೆ ಇವರದು ಹಳೇ ಅರಸು ಮನೆತನ ಅಲ್ಲ. 1804ರಲ್ಲಿ ತುರ್ಕರ ವಿರುದ್ಧ ದಂಗೆ ಎದ್ದವನು ಕರಾಜೋರ್ಜೆ. ಕರಿಯ ಜಾರ್ಜ್ ಅಂತ ಅರ್ಥ. ಹಂದಿ ವ್ಯಾಪಾರ ಮಾಡುತ್ತಿದ್ದವನು. 1815ರಲ್ಲಿ ಎರಡನೇ ದಂಗೆಯ ಮುಂದಾಳು ಮಿಲೋಶ್ ಒಬ್ರೆನೊವಿಚ್. ಈ ಇಬ್ಬರಿಂದ ಎರಡು ರಾಜಮನೆತನ ಹುಟ್ಟಿದವು. ಹುಟ್ಟುವಾಗಲೇ ನಡುವೆ ರಕ್ತ ಹರಿದಿತ್ತು. ದೇಶ ಬಿಟ್ಟು ಹೋಗಿದ್ದ ಕರಾಜೋರ್ಜೆ 1817ರಲ್ಲಿ ಗುಟ್ಟಾಗಿ ವಾಪಸ್ ಬಂದ. ಮಿಲೋಶ್ ಹೇಳಿ ಅವನನ್ನು ಕೊಲ್ಲಿಸಿದ. ಅವನನ್ನು ನಂಬಿಸಿ ಬಚ್ಚಿಟ್ಟು, ಆಮೇಲೆ ಸಾವಿಗೆ ಒಪ್ಪಿಸಿದವನು ಅವನದೇ ಕೂಮ್.

ಕೂಮ್ ಅಂದರೆ ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಮದುವೆಗೆ ಸಾಕ್ಷಿ ನಿಲ್ಲುವವನು, ಮಗುವಿನ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವವನು ಕೂಮ್. ರಕ್ತಸಂಬಂಧ ಅಲ್ಲ, ಆದರೆ ಸರ್ಬಿಯಾದವರಿಗೆ ಅದು ರಕ್ತಸಂಬಂಧಕ್ಕಿಂತ ಒಂದು ತೂಕ ಜಾಸ್ತಿ. ಕೂಮ್ ಮಾತು ಮೀರಬಾರದು, ಕೂಮ್‌ಗೆ ಕೇಡು ಬಗೆದರೆ ಆ ಪಾಪ ತಲೆಮಾರು ಕಾಡುತ್ತದೆ ಅನ್ನುತ್ತಾರೆ. ಆ ಕೂಮ್, ವುಯಿತ್ಸಾ ವುಲಿಚೆವಿಚ್, ಮರುವರ್ಷ ಮರದ ಒಂದು ಸಣ್ಣ ಚರ್ಚು ಕಟ್ಟಿಸಿದ. ಅದಕ್ಕೆ 'ಪೊಕಾಯ್ನಿತ್ಸಾ' ಅಂತ ಹೆಸರು. ಪಶ್ಚಾತ್ತಾಪದ ಗುಡಿ ಅನ್ನಬಹುದು. ಇವತ್ತಿಗೂ ಇದೆ. ಬಾಕಾ ಅದನ್ನು ಹೇಳುವಾಗ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಇನ್ನೂರು ವರ್ಷ ಹಿಂದಿನ ಕೊಲೆ ಪಕ್ಕದ ಬೀದಿಯಲ್ಲಿ ಆದ ಹಾಗೆ.

ಮುಂದಿನ ನೂರು ವರ್ಷ ಪಟ್ಟ ಈ ಮನೆಗೂ ಆ ಮನೆಗೂ ಹೋಗಿ ಬರುತ್ತಾ ಇತ್ತು. 1903ರಲ್ಲಿ ಸೈನಿಕ ಅಧಿಕಾರಿಗಳು ರಾತ್ರಿ ಅರಮನೆಗೆ ನುಗ್ಗಿ ಒಬ್ರೆನೊವಿಚ್ ಮನೆತನದ ಕೊನೆಯ ರಾಜ ಅಲೆಕ್ಸಾಂದರ್ ಮತ್ತು ರಾಣಿ ದ್ರಾಗಾರನ್ನು ಕೊಂದು ಕಿಟಕಿಯಿಂದ ಕೆಳಗೆ ಎಸೆದರು. ಕರಾಜೋರ್ಜೆಯ ಮೊಮ್ಮಗ ಮೊದಲನೇ ಪೇತರ್ ರಾಜನಾದ.

ಈ ಪೇತರ್ ಬಗ್ಗೆ ನನಗೆ ವಿಶೇಷ ಪ್ರೀತಿ. ಬದುಕಿನ ಬಹುಪಾಲು ಹೊರದೇಶದಲ್ಲೇ ಕಳೆದವನು. ಯುವಕನಿದ್ದಾಗಲೇ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕವನ್ನು ಸರ್ಬಿಯನ್ ಭಾಷೆಗೆ ತಂದಿದ್ದ. ಪಟ್ಟಾಭಿಷೇಕಕ್ಕೆ ಚಿನ್ನದ ಕಿರೀಟ ಮಾಡಿಸಲಿಲ್ಲ. ತಾತ ಕರಾಜೋರ್ಜೆಯ ಫಿರಂಗಿಯ ಕಂಚು ತೆಗೆಸಿ ಪ್ಯಾರಿಸಿಗೆ ಕಳಿಸಿ ಅದರಲ್ಲೇ ಕಿರೀಟ ಮಾಡಿಸಿದ. ಮೊದಲ ಮಹಾಯುದ್ಧದಲ್ಲಿ ದೇಶ ಬಿದ್ದಾಗ, ಎಪ್ಪತ್ತು ದಾಟಿದ ಮುದುಕ, ಸೈನಿಕರ ಜೊತೆ ಎತ್ತಿನ ಗಾಡಿಯಲ್ಲಿ ಅಲ್ಬೇನಿಯಾದ ಹಿಮದ ಬೆಟ್ಟಗಳತ್ತ ಹೊರಟ. ಜನ ಅವನನ್ನು 'ಚಿಕಾ ಪೇರಾ' ಅಂದರು. ಪೇರಾ ಚಿಕ್ಕಪ್ಪ. ದೊರೆಗೆ ಚಿಕ್ಕಪ್ಪ ಅನ್ನುವ ಜನ ಅವನನ್ನು ಮರೆಯುವುದು ಹೇಗೆ?

ಅವನ ಮಗ ಅಲೆಕ್ಸಾಂದರ್ ಯುಗೊಸ್ಲಾವಿಯಾದ ರಾಜ. 1934ರ ಅಕ್ಟೋಬರ್ 9ರಂದು ಫ್ರಾನ್ಸಿನ ಮಾರ್ಸೇಯ್‌ನಲ್ಲಿ ಗುಂಡಿಗೆ ಬಲಿಯಾದ. ಅಲೆಕ್ಸಾಂದರನ ಮಗ ಎರಡನೇ ಪೇತರ್‌ಗೆ ಆಗ ಹನ್ನೊಂದು ವರ್ಷ. ಚಿಕ್ಕಪ್ಪ ಪಾವ್ಲೆ ಅವನ ಪರವಾಗಿ ರಾಜ್ಯ ನಡೆಸಿದ. 1941ರ ಮಾರ್ಚ್‌ನಲ್ಲಿ ಪಾವ್ಲೆಯ ಸರ್ಕಾರ ಹಿಟ್ಲರನ ಒಪ್ಪಂದಕ್ಕೆ ಸಹಿ ಹಾಕಿತು. ಎರಡೇ ದಿನಕ್ಕೆ ಬೆಲ್‌ಗ್ರೇಡ್ ಬೀದಿಗಿಳಿಯಿತು. "ಒಪ್ಪಂದಕ್ಕಿಂತ ಯುದ್ಧವೇ ಮೇಲು" ಅಂತ ಕೂಗಿತು. ಹದಿನೇಳರ ಪೇತರ್ ಗದ್ದುಗೆ ಏರಿದ. ಏಪ್ರಿಲ್ 6ರಂದು ಜರ್ಮನ್ ವಿಮಾನಗಳು ಬಂದು ಊರು ಸುಟ್ಟವು, ರಾಷ್ಟ್ರೀಯ ಗ್ರಂಥಾಲಯ ಬೂದಿಯಾಯಿತು. ಆ ಹುಡುಗ ರಾಜ ದೇಶ ಬಿಟ್ಟ. ಮತ್ತೆ ಬದುಕಿದ್ದು ಬರಲೇ ಇಲ್ಲ.

ಅವನಿಗೆ ಮಗ ಹುಟ್ಟಿದ್ದು 1945ರ ಜುಲೈ 17ರಂದು, ಲಂಡನ್ನಿನ ಕ್ಲಾರಿಜಸ್ ಹೋಟೆಲಿನ 212ನೇ ಸೂಟಿನಲ್ಲಿ. ಪಟ್ಟಕ್ಕೆ ಬರುವ ಮಗು ತನ್ನ ನೆಲದಲ್ಲೇ ಹುಟ್ಟಬೇಕು ಅಂತ ಚರ್ಚಿಲ್ ಆ ಕೋಣೆಯನ್ನು ಒಂದು ದಿನದ ಮಟ್ಟಿಗೆ ಯುಗೊಸ್ಲಾವಿಯಾ ಅಂತ ಮಾಡಿಕೊಟ್ಟ, ಮಂಚದ ಕೆಳಗೆ ತಾಯ್ನಾಡಿನ ಒಂದು ಹಿಡಿ ಮಣ್ಣು ಇಟ್ಟಿದ್ದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಮಣ್ಣಿನ ಮಾತು ನಿಜವೋ ಸುಮ್ನೆ ಕಟ್ಟಿದ್ದೋ, ಹೊರದೇಶದಲ್ಲಿ ಹೆತ್ತ ಯಾವ ತಾಯಿಗೂ ಅದು ಅರ್ಥವಾಗುತ್ತದೆ. ನಾನು ಇಲ್ಲಿಗೆ ಬರುವಾಗ ಅಮ್ಮ ನನ್ನ ಪೆಟ್ಟಿಗೆಯಲ್ಲಿ ಚಾಮುಂಡಿ ಬೆಟ್ಟದ ಕುಂಕುಮದ ಪೊಟ್ಟಣ ಇಟ್ಟಿದ್ದಳು.

ಆ ಮಗುವಿನ ಕೂಮ್ ಆಗಿ ನಿಂತವರು ಬ್ರಿಟನ್ನಿನ ಆರನೇ ಜಾರ್ಜ್ ದೊರೆ ಮತ್ತು ಆಗಿನ್ನೂ ರಾಜಕುಮಾರಿಯಾಗಿದ್ದ ಎಲಿಜಬೆತ್. ಅಷ್ಟು ದೊಡ್ಡವರ ಮಡಿಲಲ್ಲಿದ್ದ ಮಗುವಿಗೆ ನಾಲ್ಕು ತಿಂಗಳು ತುಂಬಿ ಕೆಲವೇ ದಿನಕ್ಕೆ, ನವೆಂಬರ್ 29ರಂದು, ಟಿಟೋನ ಹೊಸ ಸರ್ಕಾರ ರಾಜಪ್ರಭುತ್ವ ಮುಗಿಯಿತು ಅಂತ ಸಾರಿತು. 1947ರಲ್ಲಿ ಇಡೀ ಕುಟುಂಬದ ಪೌರತ್ವ ಕಿತ್ತುಕೊಂಡು ಆಸ್ತಿ ಮುಟ್ಟುಗೋಲು ಹಾಕಿತು. ಎರಡು ವರ್ಷ ತುಂಬದ ಮಗುವಿನ ಪೌರತ್ವ! ಅವತ್ತು ರಾಜ ಬೇಡ ಅನ್ನುವುದಕ್ಕೆ ಕಾರಣ ಇರಬಹುದು. ಆದರೆ ತೊಟ್ಟಿಲ ಮಗುವಿಗೆ ಊರೇ ಇಲ್ಲ ಅಂದದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ.

ಆ ಮಗು, ಅಲೆಕ್ಸಾಂದರ್, ತಾಯ್ನಾಡಿನ ಮೇಲೆ ಮೊದಲ ಸಲ ಕಾಲಿಟ್ಟಿದ್ದು 1991ರಲ್ಲಿ, 46ನೇ ವಯಸ್ಸಿನಲ್ಲಿ. 2000ದ ಅಕ್ಟೋಬರ್‌ನಲ್ಲಿ, ಆಗ ದೇಶ ಆಳುತ್ತಿದ್ದ ಮಿಲೋಶೆವಿಚ್ ಅಧಿಕಾರ ಬಿದ್ದ ಮೇಲೆ, 2001ರಲ್ಲಿ ಪೌರತ್ವ ವಾಪಸ್ ಕೊಟ್ಟರು. ಅದೇ ವರ್ಷ ತನ್ನ ಹುಟ್ಟುಹಬ್ಬದ ದಿನ ಅವರು ದೆದಿನ್ಯೆ ಗುಡ್ಡದ ಮೇಲಿನ ಅರಮನೆಯಲ್ಲಿ ವಾಸಕ್ಕೆ ಬಂದರು. ತಾತ ಕಟ್ಟಿಸಿದ ಮನೆ. ಒಡೆತನ ಸರ್ಕಾರದ್ದು, ವಾಸ ಮಾತ್ರ ಇವರದು. ಬೇಸಿಗೆಯಲ್ಲಿ ಶನಿವಾರ ಭಾನುವಾರ ಜನರಿಗೂ ಒಳಗೆ ಬಿಡುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಅದೇ ದೆದಿನ್ಯೆಯಲ್ಲಿ, ಟಿಟೋ ಸಮಾಧಿ. ಓಡಿಸಿದವನೂ ವಾಪಸ್ ಬಂದವರೂ ಒಂದೇ ಗುಡ್ಡದ ಮೇಲಿದ್ದಾರೆ.

ಜನ ಅವರನ್ನು 'ಪ್ರೆಸ್ತೊಲೊನಾಸ್ಲೆದ್ನಿಕ್' ಅನ್ನುತ್ತಾರೆ. ಸಿಂಹಾಸನದ ಉತ್ತರಾಧಿಕಾರಿ. ಕಾನೂನಿನಲ್ಲಿ ಆ ಮಾತಿಗೆ ಬೆಲೆಯಿಲ್ಲ, ಏಕೆಂದರೆ ಸಿಂಹಾಸನವೇ ಇಲ್ಲ. ಪಕ್ಕದ ಮೊಂಟೆನೆಗ್ರೊ 2011ರಲ್ಲಿ ತನ್ನ ಹಳೇ ರಾಜವಂಶಕ್ಕೆಂದೇ ಒಂದು ಕಾನೂನು ಮಾಡಿ ಸ್ಥಾನಮಾನ ಕೊಟ್ಟಿತು. ಸರ್ಬಿಯಾ ಅಂಥದ್ದು ಮಾಡಿಲ್ಲ. 2004ರಲ್ಲಿ ಹಳೇ ರಾಷ್ಟ್ರಗೀತೆಯನ್ನೂ ಕಿರೀಟದ ಲಾಂಛನವನ್ನೂ ವಾಪಸ್ ತಂದಾಗ ಗೀತೆಯಲ್ಲಿ 'ಸರ್ಬಿಯಾದ ದೊರೆ' ಅಂತ ಇದ್ದ ಕಡೆ 'ಸರ್ಬಿಯಾದ ನೆಲ' ಅಂತ ಬದಲಿಸಿಕೊಂಡರು. ಕಿರೀಟ ಉಳಿಯಿತು, ದೊರೆ ಹೋದ. ಮಗಳ ಪ್ರಶ್ನೆಗೆ ಬಾಕಾ ಕೊಟ್ಟ ಉತ್ತರವೂ ಅದೇ. "ಕಿರೀಟ ರಾಜನದ್ದಲ್ಲ ಮಗೂ, ದೇಶದ್ದು. ಫಿರಂಗಿ ಕರಗಿಸಿ ಮಾಡಿದ್ದಲ್ವಾ."

ಹಾಗಾದರೆ ಈ ಕುಟುಂಬ ಮಾಡುವುದೇನು? ಆಸ್ಪತ್ರೆಗಳಿಗೆ ಯಂತ್ರ ತರಿಸಿಕೊಡುತ್ತದೆ. ಅಲೆಕ್ಸಾಂದರ್ ಅವರ ಹೆಂಡತಿ ಕಾಟರೀನಾ ಗ್ರೀಕ್ ಮೂಲದವರು. ಯುಗೊಸ್ಲಾವಿಯಾ ಒಡೆದ ಯುದ್ಧದ ದಿನಗಳಲ್ಲಿ, 1993ರಲ್ಲೇ, ಔಷಧಿ ಮತ್ತು ಆಸ್ಪತ್ರೆ ಸಾಮಾನು ಕಳಿಸಲು ಲೈಫ್‌ಲೈನ್ ಅನ್ನುವ ಸಂಸ್ಥೆ ಕಟ್ಟಿದರು. ಇಲ್ಲಿಗೆ ಬಂದ ಮೇಲೆ ಅವರ ಹೆಸರಿನ ಪ್ರತಿಷ್ಠಾನ ಶುರುವಾಯಿತು. ಬಾಕಾ ಸೊಸೆ ನರ್ಸು. ಹೊರದೇಶಗಳಲ್ಲಿರುವ ಸರ್ಬಿಯನ್ನರ ಹತ್ತಿರ ಹೋಗಿ ಕೈ ಚಾಚಿ ತರುವುದು ಸುಲಭವಲ್ಲ ಅನ್ನುತ್ತಾಳೆ ಅವಳು. ಕ್ರಿಸ್ಮಸ್ ಮತ್ತು ಈಸ್ಟರ್ ಹೊತ್ತಿಗೆ, ದೆದಿನ್ಯೆಯಲ್ಲೇ ಇರುವ ಬಿಳಿ ಅರಮನೆಗೆ ತಂದೆತಾಯಿಯ ಆಸರೆ ಇಲ್ಲದ ಮಕ್ಕಳನ್ನು ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಮೊದಲು ಬಂದ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದು ಸನ್ಮಾನ ಮಾಡುತ್ತಾರೆ.

ಎಲ್ಲರಿಗೂ ಇದು ಮೆಚ್ಚಿಗೆ ಅಂತಲ್ಲ. ಆಫೀಸಿನ ಹುಡುಗರಿಗೆ ಈ ವಿಷಯವೇ ಬೇಡ. "ಅರಮನೆಯನ್ನು ಪೂರ್ತಿ ಮ್ಯೂಸಿಯಂ ಮಾಡಿಬಿಡಲಿ, ನಮ್ಮ ತೆರಿಗೆ ದುಡ್ಡಲ್ಲವಾ" ಅನ್ನುವವರೂ ಇದ್ದಾರೆ. ಅದು ನ್ಯಾಯವಾದ ಮಾತೇ. ರಾಜ ಬೇಕು ಅನ್ನುವ ಸಣ್ಣ ಪಕ್ಷಗಳೂ ಇವೆ. 2004ರಲ್ಲಿ ಪಾವ್ಲೆಯ ಮಗಳು ಯೆಲಿಸಾವೇತಾ ಅಧ್ಯಕ್ಷ ಚುನಾವಣೆಗೇ ನಿಂತಿದ್ದರು. ಜನ ಓಟು ಹಾಕಲಿಲ್ಲ. ನಮ್ಮಲ್ಲಿ ಯದುವೀರ್ ಒಡೆಯರ್ 2024ರಲ್ಲಿ ನಿಂತು ಗೆದ್ದು ಸಂಸದರಾದರು. ಎರಡೂ ಕಡೆಯ ರಾಜರು ಬೇರೆ, ಜನ ಬೇರೆ, ಇತಿಹಾಸ ಬೇರೆ. ನಮ್ಮ ಅರಸರು ಊರು ಬಿಡಬೇಕಾಗಿ ಬರಲಿಲ್ಲ. ಜಯಚಾಮರಾಜ ಒಡೆಯರ್ ರಾಜ್ಯ ಹೋದ ಮೇಲೂ ಅದೇ ನೆಲದಲ್ಲಿ ರಾಜ್ಯಪಾಲರಾದರು. ದಸರಾ ನಿಲ್ಲಲಿಲ್ಲ. ಇಲ್ಲಿ ನಲವತ್ತಾರು ವರ್ಷ ಬಾಗಿಲು ಮುಚ್ಚಿತ್ತು. ಹಾಗಾಗಿ ಇಲ್ಲಿ ಪಕ್ಷದ ರಾಜಕೀಯದಿಂದ ಆ ಮನೆ ದೂರ ಇರುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಪ್ರತಿಯೊಂದಕ್ಕೂ ಪಕ್ಷ ಕೇಳುವ ಊರಿನಲ್ಲಿ ಪಕ್ಷವಿಲ್ಲದ ಒಂದು ಮನೆ ಇರಲಿ.

ಒಂದು ವಿಷಯ ಮಾತ್ರ ನನ್ನನ್ನು ಬಹಳ ತಾಗಿದ್ದು. ಅಲೆಕ್ಸಾಂದರ್ ಅವರ ಸರ್ಬಿಯನ್‌ನಲ್ಲಿ ಇಂಗ್ಲಿಷಿನ ಎಳೆತ ಇದೆ. ಟೀವಿಯಲ್ಲಿ ಅವರು ಮಾತಾಡಿದರೆ ಜನ ನಗುತ್ತಾರೆ. "ಇವನಾ ನಮ್ಮ ರಾಜ? ನೆಟ್ಟಗೆ ಎರಡು ಮಾತು ಬರಲ್ಲ" ಅನ್ನುತ್ತಾರೆ. ಅದನ್ನು ಕೇಳಿದಾಗೆಲ್ಲ ನನಗೆ ನನ್ನ ಮಗಳ ನೆನಪಾಗುತ್ತದೆ. ಹೋದ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅವಳು 'ಹಳ್ಳಿ' ಅನ್ನಲು ಹೋಗಿ 'ಹಲ್ಲಿ' ಅಂದಳು. ಅತ್ತೆ ಮನೆ ಮಕ್ಕಳು ನಕ್ಕರು. ಅವಳು ಆಮೇಲೆ ಎರಡು ದಿನ ಯಾರ ಹತ್ತಿರವೂ ಕನ್ನಡ ಮಾತಾಡಲಿಲ್ಲ. ಊರಿಂದ ದೂರ ಬೆಳೆದ ನಾಲಿಗೆಯ ಕಷ್ಟ ಅದು. ತಪ್ಪಿದರೂ ಬಿಡದೆ, ಐವತ್ತು ದಾಟಿದ ಮೇಲೆ ಬಂದು, ಎಲ್ಲರೆದುರು ಅದೇ ಭಾಷೆಯಲ್ಲಿ ಮಾತಾಡುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಗುವವರಿಗೆ ಗೊತ್ತಿಲ್ಲ.

ಮುಂದಿನ ತಲೆಮಾರಿನದು ಬೇರೆ ಕಥೆ. ಅಲೆಕ್ಸಾಂದರ್ ಅವರ ಮಗ ಫಿಲಿಪ್ ಅಮೆರಿಕದಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಕೆಲಸ ಮಾಡಿದವರು. 2017ರ ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡಿನ ಹುಡುಗಿ ದಾನಿತ್ಸಾಳನ್ನು ಇಲ್ಲಿನ ದೊಡ್ಡ ಚರ್ಚಿನಲ್ಲಿ ಮದುವೆಯಾದರು. 1920ರ ದಶಕದ ನಂತರ ಈ ಊರು ಕಂಡ ಮೊದಲ ರಾಜಮನೆತನದ ಮದುವೆ. 2018ರ ಫೆಬ್ರವರಿಯಲ್ಲಿ ಮಗ ಸ್ತೆಫಾನ್ ಹುಟ್ಟಿದ್ದು ಬೆಲ್‌ಗ್ರೇಡಿನಲ್ಲೇ. ಯಾವ ಹೋಟೆಲ್ ಕೋಣೆಗೂ ದೇಶದ ಹೆಸರಿಡಬೇಕಾಗಲಿಲ್ಲ. ಆಮೇಲೆ ಆ ಕುಟುಂಬ ಇಲ್ಲೇ ಬಂದು ನೆಲೆಸಿತು. ಅಲೆಕ್ಸಾಂದರ್ ಅವರ ಹಿರಿಯ ಮಗ ಪೇತರ್ 2022ರಲ್ಲಿ ತನ್ನ ಹಕ್ಕು ಬಿಟ್ಟುಕೊಟ್ಟ ಮೇಲೆ ಅಪ್ಪನ ನಂತರದ ಸಾಲಿನಲ್ಲಿ ಈಗ ಫಿಲಿಪ್. ಆ ಸ್ತೆಫಾನ್ ಸರ್ಬಿಯನ್ ಮಾತಾಡಿದರೆ ಯಾರೂ ನಗುವುದಿಲ್ಲ.

ಈ ವಸಂತದಲ್ಲಿ ಬಾಕಾ ನಮ್ಮನ್ನು ಓಪ್ಲೆನಾಟ್ಸ್‌ಗೆ ಕರೆದುಕೊಂಡು ಹೋದರು. ಬೆಲ್‌ಗ್ರೇಡಿನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್, ತೊಪೋಲಾ ಊರಿನ ಗುಡ್ಡ. ದಾರಿಯುದ್ದಕ್ಕೂ ದ್ರಾಕ್ಷಿ ತೋಟ, ಪ್ಲಮ್ ಗಿಡ. ಮೊದಲು ಕರಾಜೋರ್ಜೆ ಇದ್ದ ಮನೆಗೆ ಹೋದೆವು, ಈಗ ಅದು ಸಣ್ಣ ಮ್ಯೂಸಿಯಂ. ಅಲ್ಲಿ ಅವನ ಫಿರಂಗಿ ಇದೆ. ಒಂದು ಹಿಡಿ ಇಲ್ಲ. ಅದನ್ನೇ ಕರಗಿಸಿ ಕಿರೀಟ ಮಾಡಿದ್ದು. ಮಗಳು ಆ ಹಿಡಿ ಇಲ್ಲದ ಜಾಗವನ್ನು ಬಹಳ ಹೊತ್ತು ನೋಡಿದಳು.

ಗುಡ್ಡದ ಮೇಲೆ ಮೊದಲನೇ ಪೇತರ್ ಕಟ್ಟಿಸಿದ ಬಿಳಿ ಅಮೃತಶಿಲೆಯ ಚರ್ಚು. 1910ರಲ್ಲಿ ಶುರು ಮಾಡಿದ್ದು, ಯುದ್ಧಗಳಿಂದ ನಿಂತು ನಿಂತು 1930ರಲ್ಲಿ ಮುಗಿಯಿತು. ಒಳಗೆ ಕಾಲಿಟ್ಟರೆ ಗೋಡೆಯೇ ಕಾಣುವುದಿಲ್ಲ. ನೆತ್ತಿಯವರೆಗೂ ಬಣ್ಣದ ಗಾಜಿನ ಚೂರುಗಳ ಚಿತ್ರ. 4 ಕೋಟಿ ಚೂರು, 15,000 ಬಗೆಯ ಬಣ್ಣ. ದೇಶದ ಹಳೇ ಮಠಗಳಲ್ಲಿ ಮಾಸಿಹೋಗುತ್ತಿದ್ದ ಚಿತ್ರಗಳನ್ನು ಇಲ್ಲಿ ಗಾಜಿನಲ್ಲಿ ಮತ್ತೆ ಮಾಡಿಸಿದ್ದಾರೆ. ಮೇಲೆ ಎರಡೇ ಸಮಾಧಿ. ಕರಾಜೋರ್ಜೆಯದು ಒಂದು, ಚರ್ಚು ಕಟ್ಟಿಸಿದ ಮೊಮ್ಮಗನದು ಒಂದು. ಉಳಿದವರೆಲ್ಲ ನೆಲಮಾಳಿಗೆಯಲ್ಲಿ.

ಮೆಟ್ಟಿಲಿಳಿದು ಕೆಳಗೆ ಹೋದರೆ ತಣ್ಣಗೆ. ಬಾಕಾ ನನ್ನ ಕೈ ಹಿಡಿದುಕೊಂಡೇ ನಡೆದರು. ನೆಲದಲ್ಲಿ ಸಾಲಾಗಿ ಕಲ್ಲುಗಳು. ಎರಡನೇ ಪೇತರ್ 1970ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಚಿಕಾಗೊ ಹತ್ತಿರದ ಲಿಬರ್ಟಿವಿಲ್‌ನ ಸರ್ಬಿಯನ್ ಮಠದಲ್ಲಿ ಹೂಳಿದ್ದರು. ಅಮೆರಿಕದ ಮಣ್ಣಿನಲ್ಲಿ ಮಲಗಿದ ಒಬ್ಬನೇ ಯೂರೋಪಿನ ರಾಜ. 2013ರ ಜನವರಿಯಲ್ಲಿ ಅವನನ್ನು ವಾಪಸ್ ತಂದರು. ತಾಯಿ ಲಂಡನ್ ಕಡೆ, ಹೆಂಡತಿ ಗ್ರೀಸಿನಲ್ಲಿ ಮಲಗಿದ್ದರು. ಅವರನ್ನೂ ತಂದು, ಮೇ 26ರಂದು ಎಲ್ಲರನ್ನೂ ಇಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಅದರ ಹಿಂದಿನ ವರ್ಷ ಪಾವ್ಲೆಯನ್ನೂ ತಂದಿದ್ದರು. ದೇಶ ದೇಶಗಳಲ್ಲಿ ಚದುರಿದ್ದ ಕುಟುಂಬ ಸತ್ತ ಮೇಲೆ ಒಂದು ಸೂರಿನಡಿ ಸೇರಿತು.

ಮಗಳು ಸಿರಿಲಿಕ್ ಅಕ್ಷರ ಕೂಡಿಸಿಕೊಂಡು ಹೆಸರು ಓದಿದಳು. ಬಾಕಾ ಕನ್ನಡಕ ತಂದಿರಲಿಲ್ಲ. "ಇಲ್ಲೇ ಇದ್ದಾನೆ" ಅಂತ ತೋರಿಸಿದಾಗ ಬಾಕಾ ಕಷ್ಟಪಟ್ಟು ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟರು. ಟಿಟೋಗೆ ಅತ್ತಿದ್ದ ಅದೇ ಬಾಕಾ. "ಹೋಗುವಾಗ ಹದಿನೇಳು ವರ್ಷದ ಹುಡುಗ" ಅಂದರು. "ಮನೆಗೆ ಬರೋದಕ್ಕೆ ಎಪ್ಪತ್ತೆರಡು ವರ್ಷ ಬೇಕಾಯ್ತು."

ಹೊರಗೆ ಬಂದ ಮೇಲೆ ಮೂವರಿಗೂ ಮೇಣದ ಬತ್ತಿ ಕೊಂಡರು. ಇಲ್ಲಿನ ಪದ್ಧತಿಯಲ್ಲಿ ಬದುಕಿರುವವರಿಗೆ ಮೇಲಿನ ತಟ್ಟೆಯಲ್ಲಿ, ಸತ್ತವರಿಗೆ ಕೆಳಗಿನ ತಟ್ಟೆಯಲ್ಲಿ ಹಚ್ಚುತ್ತಾರೆ. ಬಾಕಾ ಕೆಳಗೆ ಹಚ್ಚಿದರು. ನಾನು ದಸರಾ ಜಂಬೂಸವಾರಿ ನೋಡಲು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ತಾತನನ್ನು ನೆನೆದು ಕೆಳಗೆ ಹಚ್ಚಿದೆ. ಮಗಳು ಎಲ್ಲಿ ಇಡಲಿ ಅಂತ ಬಾಕಾರನ್ನು ಸರ್ಬಿಯನ್‌ನಲ್ಲಿ ಕೇಳಿದಳು, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು. ಮೈಸೂರಿನ ಅಜ್ಜಿಗೆ ಹಚ್ಚು ಅಂದೆ. ಕಾಲ್ಬೆರಳ ಮೇಲೆ ನಿಂತು ಮೇಲಿನ ತಟ್ಟೆಯ ಮರಳಿನಲ್ಲಿ ಬತ್ತಿ ನೆಟ್ಟಳು.